ಅಪ್ಪಂಗೆ ಆಪರೇಷನ್ ಆಗಿದೆ, ವಾರ್ಡಲ್ಲಿ ಇನ್‌ಫೆಕ್ಷನ್ ಆಗ್ದಂಗೆ ಹೆಂಗ್ ನೋಡ್ಕೊಳ್ಳೋದು?

ಅರಸೀಕೆರೆ ಹುಡ್ಗ:
ಅಪ್ಪ (71) ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರ್ಕೊಂಡ್ರು, ಮಂಗಳವಾರ ಆಪರೇಷನ್ ಆಗಿ ರಾಡ್ ಹಾಕಿದಾರೆ. ಈಗ ವಾರ್ಡಿಗೆ ಬಂದಿದಾರೆ, ಕೈಗೆ ಡ್ರಿಪ್ ಸೂಜಿ, ಕೆಳಗೆ ಯೂರಿನ್ ಬ್ಯಾಗು. ಪಕ್ಕದ ಬೆಡ್ಡಿನ ಅಜ್ಜಂಗೆ ಹೊಲಿಗೆ ಹತ್ರ ಕೀವಾಗಿ ಮೂರನೇ ವಾರ ಇಲ್ಲೇ ಇದಾರಂತೆ, ಅದನ್ನ ಕೇಳಿದ್ಮೇಲೆ ನಂಗೆ ನಿದ್ದೆ ಇಲ್ಲ. ನೋಡೋಕೆ ಬಂದೋರೆಲ್ಲ ನಂಜು ನಂಜು ಅಂತಾರೆ, ಬದನೆಕಾಯಿ ಬೇಡ, ಕಡ್ಲೆಕಾಯಿ ಬೇಡ, ಅತ್ತೆ ಅಂತೂ ಬೇಳೆ ಸಾರೂ ನಿಲ್ಸು ಅಂದ್ರು. ಅದೇ ಅತ್ತೆ ಬಸ್ಸಿಳಿದು ಸೀದಾ ಬಂದು ಬೆಡ್ ಮೇಲೆ ಕೂತು ಬ್ಯಾಂಡೇಜ್ ಮುಟ್ಟಿ "ಇಲ್ಲೇನೋ ಕುಯ್ದಿರೋದು" ಅಂತ ಒತ್ತಿ ನೋಡಿದ್ರು! ನಿನ್ನೆ ಆಯಾ ಒಬ್ರು ಒಂದೇ ಗ್ಲೌಸಲ್ಲಿ, ಒಂದೇ ಜಗ್ಗಲ್ಲಿ ನಾಲ್ಕು ಬೆಡ್ಡಿನ ಯೂರಿನ್ ಬ್ಯಾಗ್ ಖಾಲಿ ಮಾಡ್ಕೊಂಡು ಹೋದ್ರು, ಹೇಳಿದ್ರೆ ಎಲ್ಲಿ ಬೇಜಾರ್ ಮಾಡ್ಕೋತಾರೋ ಅಂತ ಸುಮ್ನಾದೆ. ಮೊದ್ಲೇ ಒಂದು ಸ್ಟ್ರಾಂಗ್ ಆಂಟಿಬಯಾಟಿಕ್ ಹಾಕಿ ಅಂತ ಡಾಕ್ಟ್ರನ್ನ ಕೇಳ್ಲಾ?

ವಾರ್ಡ್ ಸಿಸ್ಟರ್:
ಸರ್ಜಿಕಲ್ ವಾರ್ಡಲ್ಲಿ 14 ವರ್ಷದಿಂದ ಇದೀನಿ. ನೀವು ಸುಮ್ನಾಗಿದ್ದು ತಪ್ಪು, ಬೈತಿದೀನಿ ಅನ್ಕೋಬೇಡಿ. ಒಂದು ಪೇಷಂಟ್ ಮುಟ್ಟಿದ ಗ್ಲೌಸಲ್ಲೇ ಇನ್ನೊಬ್ರನ್ನ ಮುಟ್ಟಿದ್ರೆ ಅದು ಬರಿಗೈಗಿಂತ ಕಡೆ, ಬರಿಗೈ ಆದ್ರೆ ಅಂಟಂಟಾಗಿ ತೊಳ್ಕೊಳ್ಳೋಣ ಅನ್ನಿಸುತ್ತೆ. ಆಯಾ ಜೊತೆ ಜಗಳ ಬೇಡ, ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ, ಶಿಫ್ಟ್ ಬದಲಾಗೋ ಗಡಿಬಿಡೀಲಿ ಮಾತ್ರ ಹೇಳ್ಬೇಡಿ.

ಅಪ್ಪನ್ನ ಮುಟ್ಟೋರೆಲ್ಲ ಮುಟ್ಟೋ ಮುಂಚೆ ಹ್ಯಾಂಡ್‌ರಬ್ (ಸ್ಯಾನಿಟೈಸರ್) ಹಾಕ್ಕೊಳ್ಳಿ, ನೀವೂ ಸೇರಿ. ಅಂಗೈ ತುಂಬ ತಗೊಂಡು 20-30 ಸೆಕೆಂಡ್, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ, ಎಲ್ಲರೂ ಹೆಬ್ಬೆರಳನ್ನೇ ಬಿಡೋದು. ಕೈಲಿ ಕೊಳೆ ಕಾಣ್ತಿದ್ರೆ ಅಥವಾ ಪೇಷಂಟಿಗೆ ಭೇದಿ ಇದ್ರೆ ಸೋಪು ನೀರೇ ಆಗ್ಬೇಕು, 40-60 ಸೆಕೆಂಡ್. ಯೂರಿನ್ ಬ್ಯಾಗು ಯಾವಾಗ್ಲೂ ಹೊಟ್ಟೆಗಿಂತ ಕೆಳಗಿರ್ಲಿ, ಆದ್ರೆ ನೆಲಕ್ಕೆ ತಾಗ್ಬಾರ್ದು, ಪೈಪ್ ಮಧ್ಯ ಬಿಚ್ಚಬಾರ್ದು, ಜಗ್ಗು ಬೆಡ್ಡಿಗೊಂದು ಬೇರೆ. ದಿನಾ ರೌಂಡ್ಸಲ್ಲಿ "ಸರ್, ಕ್ಯಾಥೆಟರ್ ಇವತ್ತು ತೆಗೀಬಹುದಾ" ಅಂತ ಕೇಳಿ (ಕ್ಯಾಥೆಟರ್ ಅಂದ್ರೆ ಒಳಗೆ ಹಾಕಿರೋ ಯೂರಿನ್ ಪೈಪು), ಒಂದೊಂದು ದಿನ ಜಾಸ್ತಿ ಇದ್ದಷ್ಟೂ ಇನ್‌ಫೆಕ್ಷನ್ ಚಾನ್ಸ್ ಏರ್ತಾ ಹೋಗುತ್ತೆ. ಸೂಜಿ ಜಾಗ ಕೆಂಪಾಗಿ ಊದಿದ್ರೆ, ಉರಿ ಅಂದ್ರೆ ತಕ್ಷಣ ಹೇಳಿ. ಬದನೆಕಾಯಿ ತಿಂದು ಹೊಲಿಗೆ ಕೀವಾಗಿದ್ದು ಇಷ್ಟ್ ವರ್ಷದಲ್ಲಿ ನಾನಂತೂ ನೋಡಿಲ್ಲ, ಬೇಳೆ ಮೊಟ್ಟೆ ನಿಲ್ಲಿಸ್ಬೇಡಿ, ಗಾಯ ಮಾಯೋಕೆ ಪ್ರೋಟೀನ್ ಬೇಕು. ಶುಗರ್ ಇದ್ರೆ ಮೊದ್ಲು ಅದನ್ನ ನೋಡಿ.

ಹುಬ್ಬಳ್ಳಿ ಮಂದಿ:
ನಮ್ಮ ಅವ್ವಗ ಹೋದ ವರ್ಷ ಹಿಂಗ ಆತ್ರಿ. ನಾವೆಲ್ಲಾ ಗಾಯಾನ ನೋಡ್ಕೋಂತ ಕುಂತ್ವಿ, ಗಾಯ ಚಲೋ ಇತ್ತು. ಎಕ್ಸ್‌ರೇಕ್ಕ ಒಯ್ಯೂಮುಂದ ವಾರ್ಡ್‌ಬಾಯ್ ಯೂರಿನ್ ಬ್ಯಾಗ್ ತಗದು ಅವ್ವನ ಹೊಟ್ಟಿ ಮ್ಯಾಲೆ ಇಟ್ಟು ಸ್ಟ್ರೆಚರ್ ತಳ್ಳಿದ, ಪೈಪಿನ್ಯಾಗಿಂದು ಹೊಳ್ಳಿ ಒಳಗ ಹೋಗೂದು ಕಣ್ಣಾರೆ ನೋಡೇನಿ, ಆದ್ರ ಅದು ತಪ್ಪು ಅಂತ ಆವಾಗ ಗೊತ್ತಿರ್ಲಿಲ್ಲ. ಎರಡು ದಿನಕ್ಕ ಚಳಿಜ್ವರ, ಕಲ್ಚರ್‌ನ್ಯಾಗ (ಯಾವ ರೋಗಾಣು ಅಂತ ಲ್ಯಾಬಿನ್ಯಾಗ ಬೆಳಸಿ ನೋಡೂ ಟೆಸ್ಟ್) ಕ್ಲೆಬ್ಸಿಯೆಲ್ಲಾ ಅನ್ನೂ ಬ್ಯಾಕ್ಟೀರಿಯಾ ಅಂತ ಬಂತು. ಅದರಿಂದನ ಆತು ಅಂತ ಖಾತ್ರಿ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟ್ರು, ಇರಬಹುದು, ಮ್ಯಾಲೆ ಹನ್ನೊಂದು ದಿನ ದವಾಖಾನಿ ಬಿಲ್ಲಂತೂ ನಾವ ಕಟ್ಟಿದ್ವಿ.

ಲ್ಯಾಬ್ ಟೆಕ್:
ಆಂಟಿಬಯಾಟಿಕ್ ನೀವಾಗೇ ಕೇಳ್ಬೇಡಿ ಪ್ಲೀಸ್. ಕುಯ್ಯೋ ಮುಂಚೆನೇ ಒಂದು ಡೋಸ್ ಕೊಟ್ಟಿರ್ತಾರೆ, ಆಪರೇಷನ್ ಮುಗಿದ್ಮೇಲೆ ಸುಮ್ನೆ ಮುಂದುವರಿಸ್ಬೇಡಿ ಅಂತ ಡಬ್ಲ್ಯೂಎಚ್‌ಒ 2016ರಲ್ಲೇ ಹೇಳಿದೆ. ಬೇಕಿಲ್ದೆ ಕೊಟ್ರೆ ಸಾಧಾರಣ ಬ್ಯಾಕ್ಟೀರಿಯಾ ಸತ್ತು ಔಷಧಿಗೆ ಜಗ್ಗದೇ ಇರೋದು ಮಾತ್ರ ಉಳ್ಕೊಳುತ್ತೆ, ಆಮೇಲೆ ನಮ್ಮ ರಿಪೋರ್ಟಲ್ಲಿ ಸಾಲಾಗಿ "ರೆಸಿಸ್ಟೆಂಟ್" ಅಂತ ಬರುತ್ತೆ, ಟೈಪ್ ಮಾಡೋಕೇ ಬೇಜಾರಾಗುತ್ತೆ. ಜ್ವರ ಬಂದ್ರೆ ಔಷಧಿ ಶುರು ಮಾಡೋ ಮುಂಚೆ ಕಲ್ಚರ್‌ಗೆ ಸ್ಯಾಂಪಲ್ ಹೋಯ್ತಾ ಅಂತ ಕೇಳಿ, ಅದು ನಿಮ್ಮ ಹಕ್ಕು. ನಿಮ್ಮ ಭಯ ಸುಳ್ಳಲ್ಲ, ಡಬ್ಲ್ಯೂಎಚ್‌ಒ 2022ರ ರಿಪೋರ್ಟ್ ಪ್ರಕಾರ ನಮ್ಮಂಥ ದೇಶಗಳಲ್ಲಿ ಅಡ್ಮಿಟ್ ಆದ 100 ಜನರಲ್ಲಿ 15 ಜನಕ್ಕೆ ಆಸ್ಪತ್ರೇಲೇ ಒಂದಾದ್ರೂ ಇನ್‌ಫೆಕ್ಷನ್ ಅಂಟುತ್ತೆ, ಶ್ರೀಮಂತ ದೇಶಗಳಲ್ಲೂ 7.

ಅರಸೀಕೆರೆ ಹುಡ್ಗ:
ಇವತ್ತು ರೌಂಡ್ಸಲ್ಲಿ ಕೇಳೇಬಿಟ್ಟೆ. ಡಾಕ್ಟ್ರು ಫೈಲ್ ನೋಡಿ "ಇದಿನ್ನೂ ತೆಗ್ದಿಲ್ವಾ" ಅಂತ ತಿರುಗಿದ್ರು, ಹತ್ತು ನಿಮಿಷಕ್ಕೆ ಕ್ಯಾಥೆಟರ್ ಹೋಯ್ತು. ಇನ್‌ಚಾರ್ಜ್ ಸಿಸ್ಟರ್ ಬೈತಾರೆ ಅನ್ಕೊಂಡಿದ್ದೆ, ಬೆಡ್ಡಿಗೊಂದು ಜಗ್ಗು ತರಿಸಿ ಮಾರ್ಕರಲ್ಲಿ ನಂಬರ್ ಬರ್ಸಿದ್ರು. ಸೋಮವಾರ ಡಿಸ್ಚಾರ್ಜ್ ಅಂತೆ, ಮನೆಗೆ ಹೋದ್ಮೇಲೆ ಭಯ ಇಲ್ಲ ತಾನೇ?

ವಾರ್ಡ್ ಸಿಸ್ಟರ್:
ಭಯ ಬೇಡ, ಆದ್ರೆ ರಾಡ್ ಹಾಕಿದೋರನ್ನ ಇನ್‌ಫೆಕ್ಷನ್ ಬರುತ್ತಾ ಅಂತ ನಾವು 90 ದಿನ ಲೆಕ್ಕದಲ್ಲಿ ಇಟ್ಕೊಂಡಿರ್ತೀವಿ. ಡ್ರೆಸ್ಸಿಂಗ್ ಒದ್ದೆ ಮಾಡ್ಬೇಡಿ, ಅರಿಶಿನ ಗಿರಿಶಿನ ಹಚ್ಚಬೇಡಿ, ಹೊಲಿಗೆ ಹತ್ರ ಬಿಸಿಯಾಗಿ ಕೆಂಪಾದ್ರೆ ಅಥವಾ ನೀರು ಜಿನುಗಿದ್ರೆ ಮೆಡಿಕಲ್ ಶಾಪಿಗಲ್ಲ, ವಾಪಸ್ ವಾರ್ಡಿಗೇ ಬನ್ನಿ.