ಸಹಾಯ ಬೇಕು: ಫಿಡಲ್ ಲೀಫ್ ಗಿಡದ ಬುಡ ಬೋಳಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಎರಡು ವರ್ಷದಿಂದ ಒಂದು ಫಿಡಲ್ ಲೀಫ್ ಫಿಗ್ ಇದೆ. ಹತ್ತಿರಹತ್ತಿರ 5 ಅಡಿ, ಒಂದೇ ಕಾಂಡ, ನೆಟ್ಟಗೆ. ಪಶ್ಚಿಮ ಆಫ್ರಿಕಾದ ಕಾಡಿನ ಮರವಾದರೂ ನಮ್ಮ ಆಲ, ಅರಳಿ, ಅತ್ತಿಯ ಕುಲದ್ದೇ.

ಮಳೆ ಹಿಡಿದ ಮೇಲೆ ಕೆಳಗಿನ ಎಲೆಗಳಲ್ಲಿ ಕಂದು ಮಚ್ಚೆ ಬಂದು, ಒಂದೊಂದಾಗಿ 7 ಎಲೆ ಉದುರಿದವು. ಬೇಸಿಗೆಯ ಹಾಗೆಯೇ ವಾರಕ್ಕೆರಡು ಸಲ ನೀರು ಹಾಕುತ್ತಿದ್ದೆ. ತಪ್ಪಿದ್ದು ಅಲ್ಲೇ ಅನ್ನಿಸುತ್ತದೆ. ಬೆರಳಿಟ್ಟು ನೋಡಿದರೆ ಎರಡು ಇಂಚು ಕೆಳಗೆ ಮಣ್ಣು ಇನ್ನೂ ಹಸಿ. ಈಗ ನೀರು ನಿಲ್ಲಿಸಿ, ಪೂರ್ವದ ಕಿಟಕಿಯ ಪಕ್ಕಕ್ಕೆ ಸರಿಸಿದ್ದೇನೆ. ತುದಿಯ ಚಿಗುರು ಮಾತ್ರ ಚೆನ್ನಾಗಿದೆ.

ಕುಂಡದಿಂದ ತೆಗೆದು ಬೇರು ನೋಡಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಡಿಮೆ ಮಾಡಿ, ನೀರು ಬೇಗ ಬಸಿಯಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಬೆರೆಸಿ ಈಗಲೇ ಮಣ್ಣು ಬದಲಿಸಲೇ, ಇಲ್ಲ ಒಣಗುವ ತನಕ ಕಾಯಲೇ?

ಇನ್ನೊಂದು ವಿಷಯ. ತುದಿ ಕತ್ತರಿಸಿದರೆ ಕವಲೊಡೆಯುತ್ತದೆ ಎಂದು ಗೊತ್ತು, ಆದರೆ ಎತ್ತರ ಕಳೆಯಲು ಇಷ್ಟವಿಲ್ಲ. ಕಾಂಡದ ಗಿಣ್ಣಿನ ಮೇಲೆ ಗೀರು ಹಾಕಿ ಚಿಗುರಿಸಿದವರು ಯಾರಾದರೂ ಇದ್ದೀರಾ? ಎಷ್ಟು ಆಳ ಕುಯ್ದಿರಿ? ಹಾಲು ಸೋರುವುದು ತಾನಾಗಿ ನಿಂತಿತೇ?

ಅಮ್ಮ ದಿನಾ ಬೆಳಗ್ಗೆ ಇದರ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಾರೆ. ಕಳೆದುಕೊಳ್ಳಲು ಮನಸ್ಸಿಲ್ಲ, ಬಲ್ಲವರು ದಯವಿಟ್ಟು ತಿಳಿಸಿ.