ಅಲ್ಲಿ ದಂಡ ಕಟ್ಟಿ ಕೈತೊಳೆದುಕೊಳ್ಳಬೇಡಿ

"ಅಮೆರಿಕದಲ್ಲಿ ಕೇಸ್ ಬಿದ್ದ ಹೊರದೇಶದವರನ್ನು ವಿಚಾರಣೆ ಇಲ್ಲದೆ ವಾಪಸ್ ಕಳಿಸಲಿ ಬಿಡಿ, ನಾವೆಲ್ಲ ವೀಸಾ ಮೇಲೆ ಹೋದವರು, ನಮಗೇನು" ಅಂತ ನಿನ್ನೆಯಿಂದ ಮೂರ್ನಾಲ್ಕು ಜನ ಬರೆದಿದ್ದೀರಿ. ನಾನು ರಜೆಗೆ ದಾವಣಗೆರೆಗೆ ಬಂದಿದ್ದೇನೆ. ಇಲ್ಲೊಂದು ವಿಷಯ ಕಿವಿಗೆ ಬಿತ್ತು, ಅದನ್ನು ಕೇಳಿ ಆಮೇಲೆ ಜಗಳ ಮುಂದುವರಿಸಿ.

ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವ, ನಮ್ಮಪ್ಪನ ಸ್ನೇಹಿತರೊಬ್ಬರಿದ್ದಾರೆ, ಕಾಕಾ ಅಂತ ಕರೀತೀನಿ. ಅವರ ತಂಗಿ ಮಗ ಇಲ್ಲೇ ಬಿಇ ಮುಗಿಸಿ ಈಗ ಟೆಕ್ಸಾಸ್‌ನಲ್ಲಿ ಎಂಎಸ್ ಓದುತ್ತಿದ್ದಾನೆ. ಅಂಗಡಿಯಲ್ಲಿ ಗಿರಾಕಿಯೇ ಸ್ಕ್ಯಾನ್ ಮಾಡಿ ದುಡ್ಡು ಕಟ್ಟುವ ಸೆಲ್ಫ್ ಚೆಕೌಟ್‌ನಲ್ಲಿ ಒಂದೆರಡು ಸಾಮಾನು ಸ್ಕ್ಯಾನ್ ಆಗದೆ ಚೀಲಕ್ಕೆ ಬಿದ್ದಿವೆ. ಮರೆತೆ ಅಂತಾನೆ ಹುಡುಗ, ಕಳ್ಳತನ ಅಂತಾರೆ ಅಂಗಡಿಯವರು. ಪೊಲೀಸರು ಬಂದು ಚೀಟಿ ಬರೆದುಕೊಟ್ಟು, ಕೋರ್ಟಿಗೆ ಬರೋ ತಾರೀಕು ಹಾಕಿದ್ದಾರೆ. ಕಾಕಾ ಆ ಚೀಟಿಯ ಫೋಟೋನ ಫೋನಲ್ಲಿ ದೊಡ್ಡದು ಮಾಡಿ, ಕೆಳಗಿನ ಸಹಿ ಮೇಲೆ ಬೆರಳಿಟ್ಟು ಕೇಳಿದರು: "ನೋಡಮ್ಮ, ಸಹಿ ಹಾಕಿಬಿಟ್ಟಿದ್ದಾನೆ, ಅಂದ್ರೆ ಒಪ್ಪಿಕೊಂಡ ಹಾಗೇನಾ?" ಅಲ್ಲ ಕಾಕಾ, ಅದು ಕೋರ್ಟಿಗೆ ಬರ್ತೀನಿ ಅಂತ ಕೊಟ್ಟ ಮಾತು ಅಷ್ಟೇ, ಅಂದೆ. ಅರ್ಧ ಸಮಾಧಾನ ಆಯ್ತು ಅವರಿಗೆ. ಆದರೆ ಮನೆಮಂದಿಯೆಲ್ಲ ಸೇರಿ ಹುಡುಗನಿಗೆ ಹೇಳಿಯಾಗಿದೆ, ತಪ್ಪಾಯ್ತು ಅಂದು ದಂಡ ಕಟ್ಟಿ ಮುಗಿಸು ಅಂತ.

ಅವರ ತಪ್ಪಲ್ಲ ಬಿಡಿ. ನಮ್ಮ ಕಡೆ ನಡೆಯೋದೇ ಹಾಗೆ. ಯುಗಾದಿಗೆ ಇಸ್ಪೀಟ್ ಆಡುತ್ತಾ ಸಿಕ್ಕಿಬಿದ್ದವರು ಕೋರ್ಟಲ್ಲಿ ಕೈಮುಗಿದು ಒಪ್ಪಿಕೊಳ್ಳುತ್ತಾರೆ, ದಂಡ ಕಟ್ಟುತ್ತಾರೆ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾರೆ. ಆಮೇಲೆ ಅದರ ಸುದ್ದಿ ಯಾರಿಗೂ ಬೇಕಿಲ್ಲ. ಅಮೆರಿಕದಲ್ಲಿ ಸಿಟಿಜನ್ ಅಲ್ಲದವನಿಗೆ ನಿಜವಾದ ತೊಂದರೆ ಶುರುವಾಗೋದೇ ಹಾಗೆ ಒಪ್ಪಿಕೊಂಡ ಮೇಲೆ.

ಟೆಕ್ಸಾಸ್‌ನಲ್ಲಿ ಡಿಫರ್ಡ್ ಅಡ್ಜುಡಿಕೇಷನ್ ಅಂತ ಒಂದಿದೆ. ಒಪ್ಪಿಕೊಂಡು, ಕೆಲವು ತಿಂಗಳು ಪ್ರೊಬೇಷನ್ ಮೇಲೆ, ಅಂದರೆ ಕೋರ್ಟಿನ ನಿಗಾದಲ್ಲಿದ್ದು, ಮತ್ತೆ ರಗಳೆ ಮಾಡಿಕೊಳ್ಳದಿದ್ದರೆ ಕೇಸ್ ವಜಾ. ರಾಜ್ಯದ ಲೆಕ್ಕದಲ್ಲಿ ಅಪರಾಧ ಸಾಬೀತೇ ಆಗಿಲ್ಲ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ 1996ರ ಇಮಿಗ್ರೇಷನ್ ಕಾನೂನಿಗೆ ಆ ಲೆಕ್ಕ ನಡೆಯಲ್ಲ. ನೀನು ಒಪ್ಪಿಕೊಂಡಿದ್ದೀಯಾ, ಜಡ್ಜ್ ಏನಾದರೂ ಶಿಕ್ಷೆನೋ ನಿರ್ಬಂಧನೋ ಹಾಕಿದ್ದಾರಾ, ಇವೆರಡೇ ಅದಕ್ಕೆ ಸಾಕು, ಅದು ಕನ್ವಿಕ್ಷನ್, ಅಂದರೆ ಅಪರಾಧ ಸಾಬೀತಾದ ಹಾಗೆ. ಮುಂದೆ ದಾಖಲೆ ಅಳಿಸಿಹಾಕಿಸಿದರೂ ಸಾಮಾನ್ಯವಾಗಿ ಇಮಿಗ್ರೇಷನ್‌ನವರ ಲೆಕ್ಕದಲ್ಲಿ ಅಳಿಯೋದಿಲ್ಲ.

ಹಾಗಂತ ಒಂದು ಸಣ್ಣ ಕಳ್ಳತನಕ್ಕೆ ಎಲ್ಲರನ್ನೂ ವಿಮಾನ ಹತ್ತಿಸುತ್ತಾರೆ ಅಂತ ಹೆದರಿಸುತ್ತಿಲ್ಲ. ಅಮೆರಿಕಕ್ಕೆ ಬಂದು 5 ವರ್ಷದೊಳಗೆ ಅಪರಾಧ ಮಾಡಿದ್ದಾನಾ, ಆ ಅಪರಾಧಕ್ಕೆ ವರ್ಷದ ಜೈಲು ಹಾಕಲು ಅವಕಾಶ ಇದೆಯಾ ಅಂತ ನೋಡುತ್ತಾರೆ. ಬೇರೆ ಬೇರೆ ಸಂದರ್ಭದ ಎರಡು ಕಳ್ಳತನ ಆದರೆ ಗ್ರೀನ್ ಕಾರ್ಡ್ ಇದ್ದವರಿಗೂ ಕುತ್ತು. ಗಂಡ ಹೆಂಡತಿ ಹೊಡೆದಾಟದ ಕೇಸು ಸಾಬೀತಾದರೆ ಒಂದೇ ಸಾಕು. ಕುಡಿದು ಗಾಡಿ ಓಡಿಸಿ ಅರೆಸ್ಟ್ ಆದರೆ, ತೀರ್ಪಿಗೂ ಮೊದಲೇ ವೀಸಾ ಸ್ಟಾಂಪ್ ರದ್ದು ಮಾಡಬಹುದು.

2010ರಲ್ಲಿ ಪಡಿಲ್ಲಾ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಒಪ್ಪಿಕೊಂಡರೆ ಡಿಪೋರ್ಟ್ ಆಗುವ ಅಪಾಯ ಇದ್ದರೆ ಕ್ರಿಮಿನಲ್ ವಕೀಲರು ಅದನ್ನು ಕಕ್ಷಿದಾರನಿಗೆ ಮೊದಲೇ ತಿಳಿಸಬೇಕು. ಆದರೆ ತುಂಬಾ ವಕೀಲರು ಜೈಲು ತಪ್ಪಿಸಿದರೆ ತಮ್ಮ ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಹುಡುಗ ತಾನೇ ಬಾಯಿಬಿಟ್ಟು ಕೇಳಬೇಕು, ಉತ್ತರ ಬರಹದಲ್ಲಿ ತಗೋಬೇಕು.

ಇಮಿಗ್ರೇಷನ್ ಕೋರ್ಟಿನ ಕಥೆ ಇನ್ನೂ ಬೇರೆ. ಜೈಲಿಗೆ ಹೋಗುವಂಥ ಕ್ರಿಮಿನಲ್ ಕೇಸಿನಲ್ಲಿ ದುಡ್ಡಿಲ್ಲದವನಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಇಮಿಗ್ರೇಷನ್ ಕೋರ್ಟಿನಲ್ಲಿ ಹಾಗಿಲ್ಲ, ಯಾಕೆಂದರೆ ಕಾನೂನಿನ ಪ್ರಕಾರ ಅದು ಸಿವಿಲ್ ವಿಚಾರಣೆ. ಬೇಕಿದ್ದರೆ ನಿಮ್ಮ ಖರ್ಚಲ್ಲಿ ಇಟ್ಟುಕೊಳ್ಳಿ. ಎದುರಿಗೆ ಮಾತ್ರ ಸರ್ಕಾರದ ವಕೀಲರು ಕೂತಿರುತ್ತಾರೆ. ಕರೆದ ದಿನ ಹೋಗದಿದ್ದರೆ ನಿಮ್ಮ ಗೈರುಹಾಜರಿಯಲ್ಲೇ ಆದೇಶ ಆಗಿಬಿಡಬಹುದು. ಬಂಧನದಲ್ಲಿದ್ದಾಗ ಓದದೆ ಒಂದು ಕಾಗದಕ್ಕೆ ಸಹಿ ಹಾಕಿದರೆ ಆ ವಿಚಾರಣೆಯ ಹಕ್ಕನ್ನೇ ಬಿಟ್ಟುಕೊಟ್ಟ ಹಾಗೆ ಆಗಬಹುದು.

ಈಗ "ನಮಗೇನು" ಅಂದವರಿಗೆ. 2025ರ ಜನವರಿಯಲ್ಲಿ ಬಂದ ಲೇಕನ್ ರೈಲಿ ಕಾನೂನಿನಲ್ಲಿ, ಕಾಗದಪತ್ರ ಇಲ್ಲದೆ ಒಳಗೆ ಬಂದವನ ಮೇಲೆ ಅಂಗಡಿ ಕಳ್ಳತನದ ಆರೋಪ ಬಂದರೆ ಸಾಕು, ಸಾಬೀತಾಗುವ ಮೊದಲೇ ಹಿಡಿದಿಡಬೇಕು. ಅದು ಅವರ ಪಾಡು ಅಂದಿರಿ. ಅದೇ ವರ್ಷ ಏಪ್ರಿಲ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆ, ಅಂದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರ್ಕಾರ ಇಡುವ ದಾಖಲೆ, ರದ್ದಾಯ್ತು. ಎಲ್ಲ ವೀಸಾ ಮೇಲೆ ಹೋದ ಮಕ್ಕಳೇ. ಅವರಲ್ಲಿ ಕೇಸ್ ವಜಾ ಆಗಿದ್ದವರೂ ಇದ್ದರು. ಅವರು ಕೋರ್ಟ್ ಮೆಟ್ಟಿಲು ಹತ್ತಿದ ಮೇಲೇ ಸರ್ಕಾರ ದಾಖಲೆಗಳನ್ನು ಮತ್ತೆ ಜೀವಂತ ಮಾಡಿದ್ದು. ವಿಚಾರಣೆ ಇಲ್ಲದೆ ಕಳಿಸಲಿ ಅನ್ನೋರು, ಆ ಮಕ್ಕಳಿಗೆ ಕೋರ್ಟೂ ಬೇಡವಾಗಿತ್ತು ಅಂತ ಹೇಳ್ತೀರಾ?

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಒಂದೇ ಮನೆಯಲ್ಲಿ ಅಕ್ಕ ಎಚ್-4 (ಕೆಲಸದ ವೀಸಾ ಇರುವವರ ಮನೆಯವರ ವೀಸಾ) ಮೇಲೆ ಬಂದವಳು, ತಮ್ಮ ಅಲ್ಲೇ ಹುಟ್ಟಿದ ಸಿಟಿಜನ್. ಇಬ್ಬರೂ ಒಂದೇ ಕಾಲೇಜು ಪಾರ್ಟಿಯಲ್ಲಿ ಗಾಂಜಾ ಬೆರೆಸಿದ ಮಿಠಾಯಿ (ಗಮ್ಮಿ) ಬಾಯಿಗೆ ಹಾಕಿಕೊಂಡರೆ ಫಲ ಒಂದೇ ಅಲ್ಲ. ಆ ಕಾಲೇಜು ಇರುವ ರಾಜ್ಯದಲ್ಲಿ ಅದು ಕಾನೂನುಬದ್ಧ ಇದ್ದರೂ ಕೇಂದ್ರದ ಕಾನೂನಿನಲ್ಲಿ ಇಂದಿಗೂ ಅಪರಾಧ. ಅಕ್ಕ ವೀಸಾ ಅಧಿಕಾರಿ ಮುಂದೆ "ಒಂದ್ಸಲ ತಿಂದಿದ್ದೆ" ಅಂತ ಒಪ್ಪಿಕೊಂಡರೂ ವೀಸಾಕ್ಕೆ ಕಲ್ಲು ಬೀಳಬಹುದು. ಇದನ್ನು ಮಗಳಿಗೆ 18 ತುಂಬೋ ಮೊದಲೇ ಕೂರಿಸಿಕೊಂಡು ಹೇಳಿ. ನಾವು ಮಾರ್ಕ್ಸ್ ಬಗ್ಗೆ ಮಾತಾಡುವಷ್ಟು ಇದರ ಬಗ್ಗೆ ಮಾತಾಡೋದೇ ಇಲ್ಲ.

ಕಾಕಾನಿಗೆ ಸದ್ಯಕ್ಕೆ ಹೇಳಿದ್ದು ಇಷ್ಟು: ಏನನ್ನೂ ಒಪ್ಪಿಕೊಳ್ಳಬೇಡ ಅನ್ನಿ, ತಾರೀಕು ತಪ್ಪಿಸಬೇಡ ಅನ್ನಿ, ಕೇಸ್ ಹೇಗೇ ಮುಗಿದರೂ ಕೋರ್ಟಿಂದ ಸರ್ಟಿಫೈಡ್ ನಕಲು ತೆಗೆದಿಟ್ಟುಕೊಳ್ಳಲಿ, ಮುಂದೆ ಪ್ರತಿ ಅರ್ಜಿಯಲ್ಲೂ ಇದನ್ನು ಕೇಳ್ತಾರೆ. ಟೆಕ್ಸಾಸ್‌ನಲ್ಲಿ ಕ್ರಿಮಿನಲ್ ಮತ್ತು ಇಮಿಗ್ರೇಷನ್ ಎರಡೂ ತಿಳಿದ ವಕೀಲರು ಯಾರಿಗಾದರೂ ಪರಿಚಯ ಇದ್ದರೆ ನನಗೆ ಬೇರೆಯಾಗಿ ತಿಳಿಸಿ. ಸಂಜೆ ಅವರ ಮನೆಗೆ ಹೋಗುವವಳಿದ್ದೇನೆ, ಹುಡುಗನೂ ಫೋನಲ್ಲಿ ಸಿಗ್ತಾನಂತೆ.