ಆರ್‌ಡಿ 350: ಎಡ ಸಿಲಿಂಡರ್ ಮಿಸ್

ನನ್ನ ಬೈಕ್ ರಾಜದೂತ್ 350 (ಆರ್‌ಡಿ 350), ಪಾಯಿಂಟ್ಸ್ ಇಗ್ನಿಷನ್ (ತೆರೆದು ಮುಚ್ಚುವ ಸ್ವಿಚ್‌ನಿಂದ ಕಿಡಿ ಕೊಡುವ ಹಳೇ ಪದ್ಧತಿ). ಸಿಗ್ನಲ್‌ನಲ್ಲಿ ನಿಂತರೆ ಎಡ ಸಿಲಿಂಡರ್ ಮಿಸ್ (ಉರಿಯಲ್ಲ), ಆ ಕಡೆ ಸೈಲೆನ್ಸರ್ ತಣ್ಣಗೆ. ಹೊಸ ಪ್ಲಗ್ ಹಾಕಿದರೂ ಅದೇ ಕಥೆ. ಎಲ್ಲಿಂದ ನೋಡ್ಲಿ?

ಉತ್ತರ 1:
ಕಾರ್ಬ್ (ಕಾರ್ಬುರೇಟರ್) ಸದ್ಯಕ್ಕೆ ಮುಟ್ಟಬೇಡಿ ಗುರು. ಪ್ಲಗ್ ಬಿಚ್ಚಿ. ಒಣಗಿದ್ದರೆ ಪೈಲಟ್ ಜೆಟ್ (ಕಾರ್ಬ್‌ನಲ್ಲಿ ನಿಂತಾಗ ಪೆಟ್ರೋಲ್ ಬಿಡೋ ಸಣ್ಣ ತೂತು) ಕಟ್ಟಿರಬಹುದು. ಒದ್ದೆಯಿದ್ದರೆ ಕರೆಂಟ್ (ಕಿಡಿ) ಸಮಸ್ಯೆ ಇರಬಹುದು. ಎಡ-ಬಲ ಕಾಯಿಲ್ (ಕಿಡಿಗೆ ವೋಲ್ಟೇಜ್ ಏರಿಸೋದು) ಪ್ಲಗ್ ಕ್ಯಾಪ್ ಸಮೇತ ಅದಲುಬದಲು ಮಾಡಿ. ಮಿಸ್ ಬಲಕ್ಕೆ ಹೋದರೆ ಕಾಯಿಲ್ ಇಲ್ಲವೇ ಕ್ಯಾಪ್. ಎಡದಲ್ಲೇ ಉಳಿದರೆ ಪಾಯಿಂಟ್ಸ್ ಇಲ್ಲವೇ ಕಂಡೆನ್ಸರ್ (ಪಾಯಿಂಟ್ಸ್ ಮೇಲೆ ಕಿಡಿ ಹಾರದಂತೆ ತಡೆಯೋದು).

ಉತ್ತರ 2:
ಪಾಯಿಂಟ್ಸ್ ಗ್ಯಾಪ್ 0.3–0.4 ಮಿ.ಮೀ. ಇರಲಿ. ಅಲ್ಲೇ ಜೋರಾಗಿ ಕಿಡಿ ಹಾರಿ ಮುಖ ಸುಟ್ಟಿದ್ದರೆ ಕಂಡೆನ್ಸರ್ ಹೋಗಿದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಬೀಳೋ ಹೊತ್ತು) ಜರುಗುತ್ತೆ! ಡಯಲ್ ಗೇಜ್ (ಪಿಸ್ಟನ್ ಎಲ್ಲಿದೆ ಅಂತ ಅಳೆಯೋದು) ಇಟ್ಟು 2.0 ಮಿ.ಮೀ. ಬಿಟಿಡಿಸಿಗೆ (ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಅಷ್ಟು ಮುಂಚೆ) ಕೂರಿಸಿ.

ಉತ್ತರ 3:
ಇಷ್ಟಾದ ಮೇಲೂ ಐಡಲ್ (ನಿಂತಾಗಿನ ಎಂಜಿನ್ ವೇಗ) ತಾನಾಗೇ ಏರುತ್ತಿದ್ದರೆ ಎಡ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ತುದಿಯ ರಬ್ಬರ್ ಸೀಲ್) ಗಾಳಿ ಎಳೆಯುತ್ತಿರಬಹುದು.